ಸರ್ಟಿಫಿಕೇಟ್ ಐದು, ಸ್ಯಾಂಪಲ್ ಸೊನ್ನೆ

ಪ್ರಶ್ನೆ: ನನಗೆ 24 ವರ್ಷ. ಊರು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಸಲಹಾ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಕೆಲಸವೆಂದರೆ ಹಳೆಯ ಇಐಎ (ಪರಿಸರ ಪರಿಣಾಮ ಅಂದಾಜು) ವರದಿಗಳನ್ನು ತೆರೆದು ಯೋಜನೆಯ ಹೆಸರು, ಊರು, ಸರ್ವೆ ನಂಬರ್ ಬದಲಿಸುವುದು. ಫೀಲ್ಡ್‌ಗೆ ಕಳಿಸಿ ಎಂದರೆ ‘ಹುಡುಗಿಯರಿಗೆ ಕಷ್ಟ’ ಅನ್ನುತ್ತಾರೆ. ಆನ್‌ಲೈನ್ ಕೋರ್ಸ್ ಮಾಡಿ ಐದು ಸರ್ಟಿಫಿಕೇಟ್ ಇಟ್ಟುಕೊಂಡಿದ್ದೇನೆ. ಈಚೆಗೆ ಒಂದು ಸಂಶೋಧನಾ ಸಂಸ್ಥೆಯ ಸಂದರ್ಶನದಲ್ಲಿ ‘ನೀವೇ ಸ್ವತಃ ಎಲ್ಲೆಲ್ಲಿ ಸ್ಯಾಂಪಲ್ ತೆಗೆದಿದ್ದೀರಿ?’ ಎಂದು ಕೇಳಿದರು. ಬಾಯಿ ಕಟ್ಟಿಹೋಯಿತು. ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬರುತ್ತದೆ. ‘ಇದು ಒಳ್ಳೇದೋ ಕೆಟ್ಟದ್ದೋ ಹೇಳಮ್ಮಾ, ಅದನ್ನೇ ಅಲ್ವಾ ನೀನು ಓದಿದ್ದು’ ಅಂತ ಊರಿನವರು ಕೇಳುತ್ತಾರೆ. ನನಗೆ ಉತ್ತರ ಗೊತ್ತಿಲ್ಲ. ‘ಬಿ.ಎಡ್. ಮಾಡು, ಟೀಚರ್ ಕೆಲಸಕ್ಕೆ ಮರ್ಯಾದೆಯಿದೆ’ ಅನ್ನುತ್ತಾರೆ ಅಪ್ಪ. ಪಿಎಚ್.ಡಿ.ಗೆ ಹೋಗಲೇ, ಜಿಐಎಸ್ ಡಿಪ್ಲೊಮಾ ಸೇರಲೇ, ಎಲ್ಲ ಬಿಟ್ಟು ಬಿ.ಎಡ್. ಮಾಡಲೇ?
– ಹೆಸರು ಬೇಡ, ಕೋಲಾರ

ಉತ್ತರ: ನೀವು ನನ್ನನ್ನು ಮೂರು ಪ್ರಶ್ನೆ ಕೇಳಿದ್ದೀರಿ. ಊರಿನವರು ನಿಮ್ಮನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ, ಅವರದೇ ಮೇಲು. ಪಿಎಚ್.ಡಿ.ಯೋ ಡಿಪ್ಲೊಮಾವೋ ಎಂದು ತೂಗುತ್ತಾ ಕೂತರೆ ಇನ್ನೊಂದು ವರ್ಷ ಕಳೆದು ಆರನೇ ಸರ್ಟಿಫಿಕೇಟ್ ಬರುತ್ತದೆ, ಅಷ್ಟೆ. ಕೆರೆಯ ಪ್ರಶ್ನೆ ಹಿಡಿದು ಒಂದು ವರ್ಷ ಬಿಡದೆ ಕೂತರೆ ನಿಮಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಬರದಿರುವುದಕ್ಕೆ ಕೋರ್ಸ್ ಹುಡುಕುವುದು ಆಮೇಲಿನ ಮಾತು. ಪ್ರಯೋಗಾಲಯದಲ್ಲಿ ಬಹಳ ಕಾಲ ಕಳೆದವಳಾಗಿ, ಈ ಕ್ಷೇತ್ರದಲ್ಲಿ ಕೌಶಲವೆಂದರೆ ನಾನು ತಿಳಿದಿರುವುದು ಇಷ್ಟು: ನಿಮ್ಮ ಕೈಯಿಂದ ಹೊರಟ ಅಂಕಿ, ಅದನ್ನು ಒಪ್ಪಲು ಮನಸ್ಸಿಲ್ಲದವರ ಎದುರಿಗೂ ನಿಲ್ಲಬೇಕು. ಇಂಜಿನಿಯರ್ ಎದುರು, ಪಂಚಾಯಿತಿ ಅಧ್ಯಕ್ಷರ ಎದುರು, ಬೇಕಾದರೆ ಕೋರ್ಟಿನಲ್ಲಿ. ಸರ್ಟಿಫಿಕೇಟ್ ಇದನ್ನು ಕೊಡುವುದಿಲ್ಲ. ಸಂದರ್ಶನದಲ್ಲಿ ಅವರು ಕೇಳಿದ್ದೂ ಇದನ್ನೇ.

ಆದರೆ ಊರಿನವರು ಕೇಳಿದ ರೂಪದಲ್ಲಿ ಆ ಪ್ರಶ್ನೆಗೆ ಯಾರೂ ಉತ್ತರ ಹೇಳಲಾರರು. ನೀರು ಯಾರಿಗೆ ಒಳ್ಳೆಯದು, ಯಾವುದಕ್ಕೆ ಕೆಟ್ಟದ್ದು? ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ನಿಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆ ಇದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು, ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಬತ್ತಿದ್ದ ಬೋರ್‌ವೆಲ್‌ನಲ್ಲಿ ನೀರು ಬಂತು ಎಂದು ಕೈಮುಗಿಯುವ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂದು ವರ್ಷಗಳಿಂದ ಹೋರಾಡುತ್ತಿರುವವರೂ ಅದೇ ಜಿಲ್ಲೆಯವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ.

ನೀವು ಪರೀಕ್ಷೆಗೆ ಓದಿ ಮರೆತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣವನ್ನು ಒಮ್ಮೆ ತೆಗೆದು ನೋಡಿ. ‘ಇ’ ವರ್ಗ, ಅಂದರೆ ನೀರಾವರಿಗೆ ಸಲ್ಲುವ ನೀರು. ಅಲ್ಲಿ ಕೇಳುವುದು ಪಿಎಚ್, ವಿದ್ಯುತ್ ವಾಹಕತೆ, ಸೋಡಿಯಂ ಪ್ರಮಾಣ, ಬೋರಾನ್. ಆಮ್ಲಜನಕದ ಮಾತೇ ಇಲ್ಲ. ‘ಡಿ’ ವರ್ಗ ಮೀನು ಮತ್ತು ವನ್ಯಜೀವಿಗಳದು. ಅಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಇರಲೇಬೇಕು, ಅಮೋನಿಯಾ 1.2 ದಾಟುವಂತಿಲ್ಲ. ಹಾಗಾಗಿ ಟೊಮೆಟೊ ತೋಟಕ್ಕೆ ಪಾಸಾದ ಕೆರೆ ಮೀನಿಗೆ ಫೇಲಾಗಬಹುದು. ಇನ್ನು ಅದೇ ಕೆರೆಯ ಏರಿ ಕೆಳಗಿನ ಬೋರ್‌ವೆಲ್ ನೀರನ್ನು ಜನ ಕುಡಿಯುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಐಎಸ್ 10500 ಅನ್ವಯ: ನೈಟ್ರೇಟ್ 45 ಮಿಲಿಗ್ರಾಂ, ಫ್ಲೋರೈಡ್ 1, ಬೇರೆ ಮೂಲವೇ ಇಲ್ಲವೆಂದರೆ ಫ್ಲೋರೈಡ್ 1.5ರವರೆಗೆ.

ಫ್ಲೋರೈಡ್ ಎಂದಾಗ ನಿಮ್ಮ ಪ್ರಶ್ನೆ ಇನ್ನೂ ಸ್ವಾರಸ್ಯವಾಗುತ್ತದೆ. ಕೋಲಾರದ ನೆಲದಡಿ ಗ್ರಾನೈಟ್, ನೈಸ್ ಕಲ್ಲು. ಬೋರ್‌ವೆಲ್ ಸಾವಿರ ಅಡಿ ಮೀರಿ ಇಳಿದಷ್ಟೂ, ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ, ಫ್ಲೋರೈಡ್ ಕರಗಿಸಿಕೊಂಡ ನೀರು ಮೇಲೆ ಬರುತ್ತದೆ. ಕೆರೆ ತುಂಬಿ ನೀರು ಇಂಗಿದರೆ ಫ್ಲೋರೈಡ್ ತೆಳುವಾಗಬಹುದು. ಆದರೆ ಎರಡನೇ ಹಂತದ ಶುದ್ಧೀಕರಣ ಸಾರಜನಕ, ರಂಜಕಗಳನ್ನು ಬಹುಪಾಲು ಹಾಗೆಯೇ ಬಿಡುತ್ತದೆ. ಆದ್ದರಿಂದ ಅದೇ ಇಂಗುವ ನೀರಿನ ಜೊತೆ ನೈಟ್ರೇಟ್ ಕೆಳಗಿಳಿಯಲೂಬಹುದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಿರಬಹುದು, ಕೊಟ್ಟದ್ದೇ ಹೆಚ್ಚಿರಲೂಬಹುದು. ಇದು ನಿಮ್ಮ ಊರಲ್ಲಿ ನಿಜವಾಗಿ ಆಗುತ್ತಿದೆಯೇ? ಬೆಂಗಳೂರಿನಲ್ಲಿ ಕೂತು ಯಾರೂ ಹೇಳಲಾಗದು.

ಹಾಗಾಗಿ ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಿ. ‘ನಮ್ಮೂರ ಕೆರೆ ಏರಿಯ ಕೆಳಗಿನ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮತ್ತು ಫ್ಲೋರೈಡ್, ಕೆರೆಯಿಂದ ದೂರದ ಬೋರ್‌ವೆಲ್‌ಗಳಿಗಿಂತ ಬೇರೆಯಾಗಿದೆಯೇ? ಮಳೆಗಾಲದ ಮುಂಚೆ ಎಷ್ಟು, ಆಮೇಲೆ ಎಷ್ಟು?’ ಇಷ್ಟು ಸಾಕು. ಇದರಲ್ಲೂ ಒಂದು ಗುಂಡಿಯಿದೆ, ಹುಷಾರು. ನೈಟ್ರೇಟ್ ಕೆರೆಯಿಂದಲೇ ಬರಬೇಕೆಂದಿಲ್ಲ. ಯೂರಿಯಾದಿಂದ ಬರುತ್ತದೆ, ತಿಪ್ಪೆಯಿಂದ ಬರುತ್ತದೆ, ಬೋರ್‌ವೆಲ್ ಪಕ್ಕದ ಶೌಚಾಲಯದ ಗುಂಡಿಯಿಂದಲೂ ಬರುತ್ತದೆ. ಮನೆಗೆರಡು ಸೀಮೆಹಸು ಇರುವ ನಿಮ್ಮ ಜಿಲ್ಲೆಯಲ್ಲಿ ತಿಪ್ಪೆಗೇನು ಕೊರತೆ? ಆದ್ದರಿಂದ ಕೆ.ಸಿ. ವ್ಯಾಲಿ ನೀರು ಬಾರದ, ಅದೇ ಬೆಳೆ, ಅಷ್ಟೇ ದನಗಳಿರುವ ಒಂದು ನೆರೆಯೂರನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು. ಈ ಹೋಲಿಕೆಯ ಊರನ್ನು ಹುಡುಕಲು ನೀವು ಪಡುವ ಪಾಡೇ ಸಂಶೋಧನೆಯ ಮೊದಲ ಪಾಠ. ಇದಿಲ್ಲದೆ ನೂರು ಬಾಟಲಿ ತುಂಬಿದರೂ ಯಾವನೋ ಒಬ್ಬ ಕಿರಿಯ ಇಂಜಿನಿಯರ್ ‘ಅದು ಗೊಬ್ಬರದಿಂದ ಮೇಡಂ’ ಎಂದು ಒಂದು ವಾಕ್ಯದಲ್ಲಿ ಹೊಡೆದು ಹಾಕುತ್ತಾನೆ.

ಈಗ ಬಾಟಲಿಯ ವಿಚಾರ. ನೀರು ತುಂಬುವುದೇನು ಮಹಾ ಅನ್ನುತ್ತಾರೆ, ಎಷ್ಟೋ ವರದಿಗಳು ಕೆಡುವುದು ಅಲ್ಲೇ. ಬೋರ್‌ವೆಲ್ ಮೋಟಾರ್ ಹಾಕಿದ ತಕ್ಷಣ ಬರುವುದು ಪೈಪಿನಲ್ಲಿ ನಿಂತ ನೀರು. ಅದನ್ನು ಹರಿಯಲು ಬಿಡಿ. ವಾಹಕತೆ ಅಳೆಯುವ ಪೆನ್ನಿನಂಥ ಮೀಟರ್ ಹಿಡಿದು ನೋಡುತ್ತಿರಿ, ಅಂಕಿ ಕುಣಿಯುವುದು ನಿಂತ ಮೇಲೆ ಬಾಟಲಿ ಹಿಡಿಯಿರಿ. ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ಚೆಲ್ಲಿ, ಆಮೇಲೆ ತುಂಬಿ. ಕೋಲಿಫಾರ್ಮ್ ಪರೀಕ್ಷೆಗಾದರೆ ಗಲಬರಿಸಲೇಬಾರದು. ಅದಕ್ಕೆ ಲ್ಯಾಬ್‌ನವರು ಕೊಟ್ಟ ಕ್ರಿಮಿಶುದ್ಧ ಬಾಟಲಿಯನ್ನು ಮುಚ್ಚಳದ ಒಳಮೈ ಮುಟ್ಟದೆ ತೆರೆದು, ತುಂಬಿ, ಮುಚ್ಚಬೇಕು. ಭಾರಲೋಹಕ್ಕಾದರೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ, ವರದಿಯಲ್ಲಿ ನೀರು ‘ಶುದ್ಧ’ವಾಗಿರುತ್ತದೆ. ನಂಬರ್, ತಾರೀಕು, ಗಂಟೆ, ತೆಗೆದವರ ಹೆಸರು ಬಾಟಲಿಯ ಮೇಲೇ ಇರಲಿ, ಮುಚ್ಚಳದ ಮೇಲಲ್ಲ; ಯಾವ ನಂಬರ್ ಯಾವ ಊರಿನ ಯಾವ ಜಾಗದ್ದು ಎಂಬುದು ನಿಮ್ಮ ಪುಸ್ತಕದಲ್ಲಿರಲಿ. ಮುಚ್ಚಳಗಳು ಅದಲುಬದಲಾಗುತ್ತವೆ. ಐಸ್ ಬಾಕ್ಸ್‌ನಲ್ಲಿಟ್ಟು ಅದೇ ದಿನ ಲ್ಯಾಬ್ ಮುಟ್ಟಿಸಿ.

ಇನ್ನೊಂದು, ಹೆಚ್ಚಿನವರು ಮಾಡದಿರುವುದು: ಡಿಸ್ಟಿಲ್ಡ್ ವಾಟರ್ ತುಂಬಿದ ಒಂದು ಬಾಟಲಿಯನ್ನೂ ಊರಿಗೆ ಒಯ್ಯಿರಿ, ಮಿಕ್ಕವುಗಳ ಜೊತೆಯೇ ತೆರೆದು ಮುಚ್ಚಿ, ವಾಪಸು ತಂದು ಲ್ಯಾಬ್‌ಗೆ ಕೊಡಿ. ಯಾವ ಬಾಟಲಿ ಯಾವುದೆಂದು ಲ್ಯಾಬ್‌ಗೆ ಹೇಳಬೇಡಿ. ಅದರಲ್ಲೂ ನೈಟ್ರೇಟ್ ಬಂದರೆ ತಪ್ಪು ನಿಮ್ಮ ಬಾಟಲಿಯಲ್ಲೋ ಅವರ ಲ್ಯಾಬಿನಲ್ಲೋ ಇದೆ. ಒಂದೇ ಬೋರ್‌ವೆಲ್‌ನಿಂದ ಎರಡು ಬಾಟಲಿ ತುಂಬಿ ಬೇರೆ ಬೇರೆ ನಂಬರ್ ಹಾಕಿಯೂ ಕೊಡಿ. ಎರಡರ ಅಂಕಿ ದೂರ ದೂರ ಬಂದರೆ, ಆ ದಿನದ ಯಾವ ಅಂಕಿಯನ್ನೂ ಗ್ರಾಮಸಭೆಗೆ ಒಯ್ಯಬೇಡಿ.

ಕೆರೆಯ ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವುದನ್ನು ಮಾತ್ರ ನೀವೇ ಕೈಯಾರೆ ಮಾಡಿ ಎಂದು ಒತ್ತಾಯಿಸುತ್ತೇನೆ. ಎಲೆಕ್ಟ್ರಾನಿಕ್ ಮೀಟರ್ ಇದ್ದರೂ ಮೊದಲ ಕೆಲವು ಸಲ ವಿಂಕ್ಲರ್ ವಿಧಾನದಲ್ಲೇ ಮಾಡಿ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಗುಳ್ಳೆ ಏಳದಂತೆ ಕಂಠದವರೆಗೆ ತುಂಬಿ, ಕೆರೆ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆಯೇ ಅಲ್ಕಲಿ ಅಯೊಡೈಡ್ ಅಝೈಡ್ ಬಿಟ್ಟು, ಬಿರಡೆ ಹಾಕಿ ತಿರುಗಿಸಿ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಇಳಿಯುತ್ತದೆ. ಇಲ್ಲದಿದ್ದರೆ ಬಿಳಿ. ಲೆಕ್ಕ ಆಮೇಲೆ, ಆಮ್ಲ ಹಾಕಿ ಕರಗಿಸಿ ಥಯೋಸಲ್ಫೇಟ್‌ನಲ್ಲಿ ಟೈಟ್ರೇಟ್ ಮಾಡಿದಾಗ ಬರುತ್ತದೆ. ಆದರೆ ದಡದಲ್ಲೇ ಆ ಬಿಳಿ ಬಣ್ಣ ಕಂಡರೆ ಸುತ್ತ ನಿಂತ ಊರಿನವರಿಗೆ ನೀವು ಬೇರೆ ಏನೂ ವಿವರಿಸಬೇಕಾಗಿಲ್ಲ. ಪಾಠ ಓದಿ ಬರೆದ ಪರೀಕ್ಷೆಗಿಂತ ಈ ಒಂದು ಬಾಟಲಿ ನಿಮಗೆ ಹೆಚ್ಚು ಕಲಿಸುತ್ತದೆ.

ಯಾವ ಹೊತ್ತಿನಲ್ಲಿ ತೆಗೆದಿರಿ ಎಂಬುದನ್ನೂ ಬರೆದಿಡಬೇಕು, ಏಕೆಂದರೆ ಅಂಕಿಯ ಅರ್ಧ ಅರ್ಥ ಅದರಲ್ಲಿದೆ. ಪಾಚಿಗಟ್ಟಿದ ಹಸಿರು ಕೆರೆಯಲ್ಲಿ ಮಧ್ಯಾಹ್ನ ಎರಡರ ಬಿಸಿಲಲ್ಲಿ ಮೇಲ್ನೀರು ತೆಗೆದರೆ ಆಮ್ಲಜನಕ ಲೀಟರಿಗೆ 10 ಮಿಲಿಗ್ರಾಂ ಮೀರಿರಬಹುದು, ಆಹಾ ಎಷ್ಟು ಆರೋಗ್ಯ ಅನ್ನಿಸಬಹುದು. ರಾತ್ರಿಯೆಲ್ಲ ಅದೇ ಪಾಚಿ ಉಸಿರಾಡಿ ಆಮ್ಲಜನಕ ಮುಗಿಸುತ್ತದೆ. ಬೆಳಗಿನ ಜಾವ ಐದಕ್ಕೆ ಅಳೆದರೆ ಸೊನ್ನೆಯ ಹತ್ತಿರ. ಮೀನು ಸಾಯುವುದು ಆ ಹೊತ್ತಿನಲ್ಲಿ; ಕಚೇರಿಯವರು ಸ್ಯಾಂಪಲ್ ತೆಗೆಯಲು ಬರುವುದು ಹನ್ನೊಂದರ ನಂತರ. ಬೆಳಗಿನ ಜಾವ ಕೆರೆಗೆ ಒಬ್ಬರೇ ಮಾತ್ರ ಹೋಗಬೇಡಿ. ನೀರಗಂಟಿಯವರನ್ನೋ ಮೀನಿನ ಸಂಘದವರನ್ನೋ ಜೊತೆ ಮಾಡಿಕೊಳ್ಳಿ, ಕೈಗವಸು ಹಾಕಿಕೊಳ್ಳಿ, ತೂಬಿನ ಬಳಿ ಇಳಿಯಬೇಡಿ.

ನೀರಗಂಟಿಯವರ ಮಾತು ಬಂತಲ್ಲ, ಅವರನ್ನು ಬರೀ ಜೊತೆಗಾರರೆಂದು ಎಣಿಸಬೇಡಿ. ಕೋಡಿ ಯಾವ ವರ್ಷ ಹರಿಯಿತು, ರಾಜಕಾಲುವೆ ಎಲ್ಲಿ ಒತ್ತುವರಿಯಾಯಿತು, ಯಾವ ಬಾವಿ ಯಾವಾಗ ಬತ್ತಿತು, ಎಲ್ಲವೂ ಅವರ ತಲೆಯಲ್ಲಿದೆ. ಜನರ ತಿಳಿವಳಿಕೆಯನ್ನು ವಿಜ್ಞಾನ ಹೇಗೆ ಬಳಸಬೇಕೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಏಕೆ ಕ್ಷೀಣಿಸುತ್ತಿದೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಯನಕ್ಕೆ ಹೊರಟರು. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆದರೆ ಕಳಲೆ ಚೆನ್ನಾಗಿ ಮೇಲೇಳುತ್ತದೆ ಎಂಬುದು ಅರಣ್ಯ ಇಲಾಖೆಯ ನಂಬಿಕೆ. ಹಳ್ಳಿಯವರು ಹೇಳಿದ್ದು ತಿರುಗಾಮುರುಗಾ: ಮುಳ್ಳು ತೆಗೆದರೆ ದನ, ಕಾಡುಪ್ರಾಣಿ ಬಂದು ಎಳೆ ಕಳಲೆಯನ್ನು ತಿಂದುಹಾಕುತ್ತವೆ. ಗಾಡ್ಗೀಳ್ ಹಳ್ಳಿಯವರ ಮಾತನ್ನು ಕೈಮುಗಿದು ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಅಳೆದು ನೋಡಿದರು. ಹಳ್ಳಿಯವರು ಸರಿಯಾಗಿದ್ದರು.

ಕೇಳುವುದಕ್ಕೂ ಒಂದು ಬಗೆಯಿದೆ. ‘ಈ ನೀರು ಬಂದ ಮೇಲೆ ನಿಮ್ಮ ಬೆಳೆ ಹಾಳಾಯಿತೇ?’ ಎಂದು ಕೇಳಿದರೆ ಅರ್ಧ ಜನ ನಿಮ್ಮನ್ನು ಸಂತೋಷಪಡಿಸಲು ಹೌದನ್ನುತ್ತಾರೆ. ‘ಹೋದ ವರ್ಷ ಟೊಮೆಟೊ ಎಷ್ಟು ಬಾಕ್ಸ್ ಆಯ್ತು? ಅದಕ್ಕೆ ಮುಂಚೆ? ಯಾವ ತಳಿ ಹಾಕಿದ್ದಿರಿ, ಎಷ್ಟು ಮೂಟೆ ಗೊಬ್ಬರ?’ ಎಂದು ಕೇಳಿ. ಬೋರ್‌ವೆಲ್ ಆಳ ಎಷ್ಟಡಿ, ಯಾವ ವರ್ಷ ಕೊರೆಸಿದ್ದು, ಕೇಸಿಂಗ್ ಎಷ್ಟಿಳಿಸಿದ್ದು ಎಂಬುದನ್ನು ಬಿಲ್ ನೋಡಿಯೇ ಬರೆದುಕೊಳ್ಳಿ. ಆಳ ಗೊತ್ತಿಲ್ಲದ ಬೋರ್‌ವೆಲ್‌ನ ಫ್ಲೋರೈಡ್ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ನೀವು ಬಾಟಲಿ ಹಿಡಿದು ತಿರುಗಲು ಶುರು ಮಾಡಿದ ವಾರದಲ್ಲೇ ಯಾರೋ ನಿಮ್ಮ ಅಪ್ಪನ ಹತ್ತಿರ ಬರುತ್ತಾರೆ. ‘ನಿಮ್ಮ ಮಗಳು ನೀರು ಕೆಟ್ಟಿದೆ ಅಂತ ಪೇಪರ್‌ಗೆ ಕೊಟ್ಟರೆ ನಮ್ಮ ಟೊಮೆಟೊ ಯಾರು ತಗೋತಾರೆ?’ ಇದು ಬೆದರಿಕೆಯಲ್ಲ, ನಿಜವಾದ ಭಯ. ಮಾರುಕಟ್ಟೆಯಲ್ಲಿ ‘ಕೊಳಚೆ ನೀರಿನ ಮಾಲು’ ಎಂಬ ಮಾತು ಹಬ್ಬಿದರೆ ಆ ಸಲದ ಬೆಳೆಗೆ ಕೂಲಿಯೂ ಹುಟ್ಟದು. ಆದ್ದರಿಂದ ಕೆಲಸಕ್ಕೆ ಇಳಿಯುವ ಮೊದಲೇ ಊರಿನವರನ್ನು ಕೂರಿಸಿಕೊಂಡು ಏನು ಅಳೆಯುತ್ತೀರಿ, ಏನನ್ನು ಅಳೆಯುವುದಿಲ್ಲ, ಫಲಿತಾಂಶ ಮೊದಲು ಯಾರಿಗೆ ಕೊಡುತ್ತೀರಿ ಎಂದು ಮಾತಾಡಿ. ಅವರವರ ಬೋರ್‌ವೆಲ್ ಅಂಕಿ ಮೊದಲು ಅವರವರಿಗೇ ಸೇರಬೇಕು. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ. ಆದರೆ ವಾಹಕತೆಯ ಮೀಟರ್‌ಗಿಂತ ಇದು ಹೆಚ್ಚು ಬೇಕಾಗುವ ಕೌಶಲ ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಒಂದು ಸಂಗತಿಯನ್ನೂ ಈಗಲೇ ತಿಳಿದಿರಿ. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಕೊಳಚೆಯ ಸ್ಯಾಂಪಲ್ ಕೋರ್ಟಿನಲ್ಲಿ ಸಾಕ್ಷ್ಯವಾಗಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ನೋಟಿಸ್ ಕೊಟ್ಟು, ಸ್ಥಾವರದವರ ಎದುರಿಗೆ ಎರಡು ಭಾಗ ಮಾಡಿ, ಮೊಹರು ಹಾಕಿ ತೆಗೆದಿರಬೇಕು. ನಿಮ್ಮ ಬಾಟಲಿಗೆ ಆ ಅಧಿಕಾರವಿಲ್ಲ. ಹಾಗೆಂದು ಅದು ವ್ಯರ್ಥವಲ್ಲ. ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ ತೆಗೆಯಿರಿ ಎಂದು ಮಂಡಳಿಯನ್ನು ಎಳೆದು ತರುವುದಕ್ಕೆ ನಿಮ್ಮ ಅಂಕಿ ಬೇಕು. ಅವರ ಹಳೆಯ ಪರೀಕ್ಷಾ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ: ಹತ್ತು ರೂಪಾಯಿ, ಮೂವತ್ತು ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹರಟೆಗೆ ಅವಕಾಶವಿಲ್ಲದ ಆ 150 ಪದ ಬರೆಯುವುದು ಬರವಣಿಗೆಗೆ ಒಳ್ಳೆಯ ಸಾಧನೆ. ವರದಿ ಬಂದಾಗ ‘ಪತ್ತೆಯಾಗಿಲ್ಲ’ ಎಂದಿರುವ ಕಡೆ ಸೊನ್ನೆ ಎಂದು ತುಂಬಿಕೊಳ್ಳಬೇಡಿ. ಅವರ ಯಂತ್ರಕ್ಕೆ ಎಷ್ಟರಿಂದ ಮೇಲೆ ಕಾಣುತ್ತದೆ ಎಂದು ಕೇಳಿ, ಅದನ್ನು ಬರೆದುಕೊಳ್ಳಿ.

ಜಿಐಎಸ್‌ಗೆ ಬರೋಣ. ಡಿಪ್ಲೊಮಾಕ್ಕೆ ದುಡ್ಡು ಕಟ್ಟುವ ಮೊದಲು ಕ್ಯೂಜಿಐಎಸ್ ಇಳಿಸಿಕೊಳ್ಳಿ, ಅದು ಉಚಿತ. ಯುರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರಗಳೂ ಉಚಿತ: 10 ಮೀಟರ್ ಸ್ಪಷ್ಟತೆ, ಸುಮಾರು ಐದು ದಿನಕ್ಕೊಂದು. ನಿಮ್ಮ ಕೆರೆಗೆ ನೀರು ಬರುವ ಮುಂಚಿನ ಬೇಸಿಗೆಯದೊಂದು, ಈ ಬೇಸಿಗೆಯದೊಂದು ತೆಗೆದು ನೀರಿನ ಹರವು ಅಳೆಯಿರಿ. ಮಾಡುವಾಗ ಒಂದು ಪೇಚು ಎದುರಾಗುತ್ತದೆ. ಅಂತರಗಂಗೆ ಕಳೆ ಮುಚ್ಚಿದ ಕೆರೆ ಉಪಗ್ರಹದ ಕಣ್ಣಿಗೆ ಹಸಿರು ಹೊಲದ ಹಾಗೆ ಕಾಣುತ್ತದೆ, ‘ಕೆರೆ ಬತ್ತಿದೆ’ ಎಂದು ಕಂಪ್ಯೂಟರ್ ತೀರ್ಪು ಕೊಡುತ್ತದೆ. ಊರಿನವರಾದ ನಿಮಗೆ ಅದು ಸುಳ್ಳೆಂದು ಗೊತ್ತು. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆಯವರು ಉಚಿತ ಆನ್‌ಲೈನ್ ತರಬೇತಿ ನಡೆಸುತ್ತಾರೆ. ಪೇಚಿಗೆ ಸಿಕ್ಕಿಕೊಂಡ ಮೇಲೆ ಅಲ್ಲಿ ಕೂತರೆ ಪಾಠ ತಲೆಗೆ ಹತ್ತುತ್ತದೆ.

ಈಗಿನ ಕೆಲಸ ಬಿಡಬೇಡಿ. ಸಂಬಳ ಬೇಕು, ಐಸ್ ಬಾಕ್ಸಿಗೂ ಬೇಕು, ಲ್ಯಾಬಿನ ಶುಲ್ಕಕ್ಕೂ ಬೇಕು. ಆದರೆ ನಕಲಿನ ವಿಚಾರದಲ್ಲಿ ನಿಮಗೆ ನೀವೇ ಗೆರೆ ಹಾಕಿಕೊಳ್ಳಿ. ಕಾಯ್ದೆಗಳ ಪಟ್ಟಿ, ಜಿಲ್ಲೆಯ ಹವಾಗುಣದ ವಿವರಣೆ ಹಳೆಯ ವರದಿಯಿಂದ ಬಂದರೆ ಪ್ರಳಯವಾಗುವುದಿಲ್ಲ. ನೀರಿನ ಅಂಕಿ, ಗಾಳಿಯ ಅಂಕಿ, ಮರಗಿಡ–ಹಕ್ಕಿಗಳ ಪಟ್ಟಿ ಇನ್ನೊಂದು ಊರಿನಿಂದ ಬಂದರೆ ಅದು ಮೋಸ. 2000ನೇ ಇಸವಿಯಲ್ಲಿ ಕಾಳಿ ನದಿಯ ದಾಂಡೇಲಿ ಅಣೆಕಟ್ಟು ಯೋಜನೆಗೆ ಒಂದು ದೊಡ್ಡ ಅಂತಾರಾಷ್ಟ್ರೀಯ ಸಂಸ್ಥೆ ಬರೆದ ಇಐಎ, ಹತ್ತಿರದ ತಟ್ಟಿಹಳ್ಳ ಯೋಜನೆಗೆ ಬೇರೆಯವರು ಮಾಡಿದ್ದ ವರದಿಯ ನಕಲೆಂದು ಬಯಲಾಯಿತು. ಅದನ್ನು ಹಿಡಿದದ್ದು ಯಾವ ಸಾಫ್ಟ್‌ವೇರ್ ಕೂಡ ಅಲ್ಲ. ಪರಿಸರ ಕಾರ್ಯಕರ್ತರು ಎರಡೂ ವರದಿ ಪಕ್ಕಪಕ್ಕದಲ್ಲಿಟ್ಟು ಓದಿದ್ದರು. ಹಾಗೆ ಓದುವ ಜನ ಈಗಲೂ ಇದ್ದಾರೆ. ನೀವು ನೋಡದ ಅಂಕಿಯ ಕೆಳಗೆ ನಿಮ್ಮ ಹೆಸರು ಬರದಂತೆ ನೋಡಿಕೊಳ್ಳಿ. ಫೀಲ್ಡ್‌ಗೆ ಕಳಿಸಿ ಎಂದು ಬಾಯಲ್ಲಿ ಕೇಳಿದ್ದು ಸಾಕು, ಇ–ಮೇಲ್‌ನಲ್ಲಿ ಕೇಳಿ: ‘ಮುಂದಿನ ಬೇಸ್‌ಲೈನ್ ಸ್ಯಾಂಪ್ಲಿಂಗ್‌ಗೆ ನಾನು ಹೋಗಲು ಸಿದ್ಧ.’ ಸಾರ್ವಜನಿಕ ಆಲಿಕೆ ನಡೆದರೆ, ನಿಮ್ಮ ಸಂಸ್ಥೆಯದಲ್ಲದಿದ್ದರೂ, ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಐನೂರು ಪುಟದ ವರದಿ ಜನರ ನಾಲ್ಕು ಪ್ರಶ್ನೆಗೆ ತಡವರಿಸುವುದನ್ನು ನೋಡಿದರೆ ವರದಿ ಹೇಗೆ ಬರೆಯಬೇಕೆಂದು ಗೊತ್ತಾಗುತ್ತದೆ.

ಪಿಎಚ್.ಡಿ. ಈಗ ಬೇಡ. ವರ್ಷದ ಕೊನೆಗೆ ನಿಮ್ಮ ಹತ್ತಿರ ಒಂದು ಪ್ರಶ್ನೆ, ಎರಡು ಕಾಲದ ಅಂಕಿ, ಉತ್ತರ ಸಿಗದೆ ಉಳಿದ ಒಂದು ತೊಡಕು ಇರುತ್ತದೆ. ಆಗ ಹೋಗಿ. ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನವೇ ಒಂದು ವಿಷಯ, ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಓದಿಗೆ ಹೊತ್ತು ತೆಗೆದಿಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರಿಯಲ್ಲೂ ಕೆರೆ–ನೀರಿನ ಮೇಲೆ ಕೆಲಸ ಮಾಡುವವರಿದ್ದಾರೆ. ಅವರಿಗೆ ‘ನನಗೆ ಅವಕಾಶ ಕೊಡಿ’ ಎಂದು ಬರೆಯುವವರು ಸಾಕಷ್ಟು. ‘ನಮ್ಮೂರ ಬೋರ್‌ವೆಲ್‌ಗಳ ಈ ಅಂಕಿ ನೋಡಿ, ಇದರಲ್ಲಿ ನನಗೆ ಇದು ಅರ್ಥವಾಗುತ್ತಿಲ್ಲ’ ಎಂದು ಬರೆಯುವವರು ಕಡಿಮೆ.

ನಿಮ್ಮ ಅಪ್ಪ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಬಿ.ಎಡ್. ಸೋಲಲ್ಲ, ಹೈಸ್ಕೂಲಿನಲ್ಲಿ ವಿಂಕ್ಲರ್ ಬಾಟಲಿ ತೋರಿಸುವ ಟೀಚರ್ ಆ ಮಕ್ಕಳ ಪುಣ್ಯ. ಅಪ್ಪನಿಗೆ ಬೇಕಿರುವುದು ಮಗಳಿಗೊಂದು ಭದ್ರತೆ. ಒಂದು ವರ್ಷ ಸಮಯ ಕೇಳಿ, ಸಂಬಳ ನಿಲ್ಲುವುದಿಲ್ಲ ಎಂದು ಹೇಳಿ. ಸಾಧ್ಯವಾದರೆ ಮೊದಲ ಸ್ಯಾಂಪಲ್ ದಿನ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಯಾರ ಬೋರ್‌ವೆಲ್ ಎಷ್ಟಡಿ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರಿದ್ದರೆ ಮೋಟಾರ್ ಹಾಕಿಕೊಡಿ ಎಂದು ಕೇಳುವುದೂ ಸುಲಭ.

ಲ್ಯಾಬಿನ ಬಗ್ಗೆ ಎರಡು ಮಾತು. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐದು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಆ ಐವರು ಯಾರೆಂದು ಪಿಡಿಒ ಅವರನ್ನು ಕೇಳಿ, ಕಿಟ್ ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ, ಮದ್ದಿನ ಅವಧಿ ಮುಗಿದಿದೆಯೇ ನೋಡಿ. ಕಿಟ್‌ನಿಂದ ಯಾವ ಬೋರ್‌ವೆಲ್ ಮೇಲೆ ಕಣ್ಣಿಡಬೇಕೆಂದು ತಿಳಿಯುತ್ತದೆ. ಲೆಕ್ಕಕ್ಕೆ ಹಿಡಿಯುವ ಅಂಕಿಗೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್ ಬೇಕು. ನಿಮಗೆ ಬೇಕಾದ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿಯೇ ಹೋಗಿ. ಕೆರೆ ನೀರಿಗೆ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಪರೀಕ್ಷೆ ಮಾಡಿಸುವುದಿದ್ದರೆ ಮೂರು ದಿನದ್ದೋ ಐದು ದಿನದ್ದೋ ಎಂದು ಮೊದಲೇ ಕೇಳಿಕೊಳ್ಳಿ. ಮೂರು ದಿನದ್ದಾದರೆ ಗುರುವಾರ, ಐದು ದಿನದ್ದಾದರೆ ಮಂಗಳವಾರ ಬಾಟಲಿ ಕೊಡಬೇಡಿ. ಅಂಕಿ ಓದುವ ದಿನ ಭಾನುವಾರ ಬೀಳುತ್ತದೆ, ಲ್ಯಾಬಿಗೆ ಬೀಗ.